ಟನ್ ಗಂಧಕಕ್ಕೆ ಎಷ್ಟು ಬೀಳುತ್ತದೆ?

ಸಲ್ಫರ್ ಡೈಆಕ್ಸೈಡ್‌ನ ಘಾಟು ನನ್ನ ಮೂಗಿಗೆ ಮೊದಲು ಬಡಿದದ್ದು ಮಂಡ್ಯ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ. ಅಲ್ಲಿ ದುಡ್ಡು ಕೊಟ್ಟು ತಂದ ಗಂಧಕವನ್ನು ಸುಡುತ್ತಿದ್ದೆವು. ಆ ಅನಿಲವೂ ಸುಣ್ಣದ ಹಾಲೂ ಸೇರಿ ಕಬ್ಬಿನ ಹಾಲನ್ನು ತಿಳಿಯಾಗಿಸುತ್ತಿದ್ದವು. ವರ್ಷಗಳ ಮೇಲೆ, ಕಲ್ಲಿದ್ದಲು ವಿದ್ಯುತ್ ಸ್ಥಾವರದ ಹೊಗೆಯಿಂದ ಅದೇ ಅನಿಲವನ್ನು ತೆಗೆಯುವ ವೆಚ್ಚ ಹೋಲಿಸುವ ಕೆಲಸ ಬಂದಾಗ ರಸಾಯನಶಾಸ್ತ್ರ ಪರಿಚಿತವೇ ಆಗಿತ್ತು. ಎಡವಿದ್ದು ಲೆಕ್ಕದಲ್ಲಿ.

ರಾಯಚೂರಿನಲ್ಲಿರುವಂಥ 210 ಮೆಗಾವಾಟ್ ಘಟಕವನ್ನು ತೆಗೆದುಕೊಂಡೆ. ಯೂನಿಟ್ಟಿಗೆ 650 ಗ್ರಾಂ ಕಲ್ಲಿದ್ದಲು, ಅದರಲ್ಲಿ ಶೇ 0.5 ಗಂಧಕ ಎಂದಿಟ್ಟುಕೊಂಡರೆ, ಪೂರ್ಣ ಹೊರೆಯಲ್ಲಿ ಗಂಟೆಗೆ ಸುಮಾರು 1,365 ಕಿಲೋ ಸಲ್ಫರ್ ಡೈಆಕ್ಸೈಡ್. ಒಂದು ಕಿಲೋ ಹಿಡಿಯಲು ಶುದ್ಧ ಸುಣ್ಣದಕಲ್ಲು 1.56 ಕಿಲೋ ಸಾಕು. ಅಡುಗೆ ಸೋಡಾ ಆದರೆ 2.63 ಕಿಲೋ ಬೇಕು, ಬೆಲೆಯೂ ಹಲವು ಪಟ್ಟು. ಆದರೆ ಸುಣ್ಣದಕಲ್ಲಿಗೆ ಹೊಗೆ ತೊಳೆಯುವ ಗೋಪುರ, ಪಂಪು, ಅರೆಯುವ ಗಿರಣಿ, ನೀರು ಎಲ್ಲವೂ ಬೇಕು. ಸೋಡಾ ಪುಡಿಯನ್ನು ಹೊಗೆಯ ಕೊಳವೆಗೆ ಊದಿದರಾಯಿತು.

ಮೊದಲ ಕರಡಿನಲ್ಲಿ ಗೋಪುರದ ಹೂಡಿಕೆಯನ್ನು 25 ವರ್ಷಕ್ಕೆ ಹಂಚಿದ್ದೆ. ಶೇ 10 ಬಡ್ಡಿಯಲ್ಲಿ 100 ಕೋಟಿಗೆ ವರ್ಷಕ್ಕೆ 11 ಕೋಟಿ ಕಂತು. ಘಟಕಕ್ಕೆ ಉಳಿದದ್ದು ಹತ್ತೇ ವರ್ಷ; ಆಗ ಕಂತು 16.3 ಕೋಟಿ. ಸಾಲದ್ದಕ್ಕೆ ಅದು ಓಡುತ್ತಿದ್ದದ್ದು ಅರ್ಧ ಹೊರೆಯಲ್ಲಿ. ಹೊರೆ ಇಳಿದರೆ ಸೋಡಾದ ಖರ್ಚೂ ಇಳಿಯುತ್ತದೆ, ಗೋಪುರದ ಕಂತು ಇಳಿಯುವುದಿಲ್ಲ.

ಇನ್ನೊಂದು ತಪ್ಪನ್ನು ಹಿಡಿದವರು ಅಪ್ಪ. ಸುಣ್ಣದಕಲ್ಲಿನ ದಾರಿಯಲ್ಲಿ ಕಿಲೋ ಅನಿಲಕ್ಕೆ 2.7 ಕಿಲೋ ಜಿಪ್ಸಂ ಸಿಗುತ್ತದೆ. ಅದನ್ನು ಆದಾಯದ ಕಾಲಂನಲ್ಲಿ ಬರೆದಿದ್ದೆ. ನಾಲೆಯ ಕೆಳಗಿನ ನಮ್ಮ ಚೌಳು ಗದ್ದೆಗೆ ಅಪ್ಪ ಜಿಪ್ಸಂ ತರಿಸಿದ್ದರು. ಜೇಬಿನಿಂದ ಮಡಿಸಿದ ರಸೀತಿ ತೆಗೆದು ಕೊನೆಯ ಸಾಲಿನ ಮೇಲೆ ಬೆರಳಿಟ್ಟರು: ‘ಮಾಲಿಗಿಂತ ಲಾರಿ ಬಾಡಿಗೆಯೇ ಹೆಚ್ಚಾಯಿತಲ್ಲಪ್ಪ, ಅದನ್ನು ಯಾರು ಕೊಡುತ್ತಾರೆ?’ ಆ ಆದಾಯವನ್ನು ಹೊಡೆದುಹಾಕಿದೆ.

500 ಮೆಗಾವಾಟ್‌ಗಿಂತ ಚಿಕ್ಕ ಹಳೆಯ ಘಟಕಗಳಿಗೆ ಕೇಂದ್ರ ಸರ್ಕಾರ 2015ರಲ್ಲಿ ಇಟ್ಟ ಮಿತಿ ಘನಮೀಟರಿಗೆ 600 ಮಿಲಿಗ್ರಾಂ. ಅಷ್ಟಕ್ಕೆ ಅನಿಲವನ್ನೆಲ್ಲ ಹಿಡಿಯಬೇಕಾಗಿಲ್ಲ. ಇದನ್ನೂ ಸೇರಿಸಿ ಟನ್ನಿಗೆ ಬೀಳುವ ವೆಚ್ಚ ತೆಗೆದಾಗ, ಆ ಮುದಿ ಘಟಕಕ್ಕೆ ಸೋಡಾವೇ ಅಗ್ಗವಾಯಿತು; 25 ವರ್ಷ ಪೂರ್ಣ ಹೊರೆಯಲ್ಲಿ ಓಡುವ ಘಟಕಕ್ಕೆ ಸುಣ್ಣದಕಲ್ಲು. ವರದಿ ಒಪ್ಪಿಸುವ ಹಿಂದಿನ ರಾತ್ರಿ ಕೋಷ್ಟಕವನ್ನೆಲ್ಲ ಮತ್ತೆ ಬರೆದೆ.

ಈಗ ನನ್ನ ಹಾಳೆಯ ಮೊದಲ ಸಾಲು ಉಳಿದ ಆಯುಸ್ಸು, ಎರಡನೆಯದು ವರ್ಷಕ್ಕೆ ಓಡುವ ಗಂಟೆ. ಅವೆರಡು ತುಂಬುವ ತನಕ, ಮೆಗಾವಾಟಿಗೆ ಎಷ್ಟು ಕೋಟಿ ಎಂದು ಯಾರು ಕೇಳಿದರೂ ನಾನು ಅಂಕಿ ಕೊಡುವುದಿಲ್ಲ.