ಒಣನೆಲದಲ್ಲಿ ವೈನ್ ದ್ರಾಕ್ಷಿ: ಮೊದಲು ನೀರಿನ ಲೆಕ್ಕ, ಆಮೇಲೆ ಗಿಡ

ವಿಜಯಪುರ, ಬಾಗಲಕೋಟೆ ಕಡೆ ದ್ರಾಕ್ಷಿ ಅಂದರೆ ಬೀಜವಿಲ್ಲದ ಥಾಮ್ಸನ್ ತಳಿ, ಇಲ್ಲವೇ ಒಣದ್ರಾಕ್ಷಿ. ಅದರ ಪಕ್ಕದಲ್ಲೇ ಒಂದೆರಡು ಎಕರೆ ವೈನ್ ತಳಿ ಹಚ್ಚೋಣ ಅಂತ ಯೋಚಿಸುತ್ತಿದ್ದೀರಾ? ಹಾಗಾದರೆ ಗಿಡ ತರುವ ಮೊದಲೇ ವೈನರಿ ಜೊತೆ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಳ್ಳಿ. ಶಿರಾಜ್, ಕ್ಯಾಬರ್ನೆಯಂಥ ವೈನ್ ತಳಿಗಳ ಹಣ್ಣು ಸಣ್ಣದು, ಒಳಗೆ ಬೀಜ. ಸಂತೆಯಲ್ಲಿ ಯಾರೂ ಕೇಳುವುದಿಲ್ಲ, ಥಾಮ್ಸನ್ ಹಾಗೆ ಒಣಗಿಸಿ ಮಾರಲೂ ಆಗುವುದಿಲ್ಲ.

ಎರಡನೆಯದು ನೀರು. ಇದನ್ನು ಪೆನ್ನು ಹಿಡಿದು ಲೆಕ್ಕ ಹಾಕಿ. ಒಂದು ಎಕರೆಗೆ 1 ಮಿ.ಮೀ. ನೀರು ಅಂದರೆ ಸುಮಾರು 4,000 ಲೀಟರ್. ಏಪ್ರಿಲ್ ಚಾಟ್ನಿ (ಕಡ್ಡಿ ಸವರುವುದು) ಆದ ಮೇಲೆ, ಬಿಸಿಲು ಸುಡುವಾಗಲೇ ಹೊಸ ಕಡ್ಡಿ ಬೆಳೆಯಬೇಕು. ಆಗ ಎಕರೆಗೆ ದಿನಕ್ಕೆ 15 ಸಾವಿರ ಲೀಟರ್ ಹಿಡಿದರೂ 40 ದಿನಕ್ಕೆ 6 ಲಕ್ಷ ಲೀಟರ್ ಆಯಿತು. ನಿಮ್ಮ ಬೋರ್ ಮೇ ತಿಂಗಳಲ್ಲಿ ಎಷ್ಟು ಕೊಡುತ್ತದೋ ಅದನ್ನೇ ಹಿಡಿಯಿರಿ, ಮಳೆಗಾಲದ ಅಳತೆ ಬೇಡ. ಕಡಿಮೆ ಬಿದ್ದರೆ ಕೃಷಿ ಹೊಂಡ ತೋಡಿ, ಅಥವಾ ಹಚ್ಚುವ ಜಾಗವನ್ನೇ ಕಡಿಮೆ ಮಾಡಿ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಹಾಕಿ ತೋಟ ಉಳಿಸಿಕೊಳ್ಳುವ ಕಷ್ಟ ನಮ್ಮ ಭಾಗದವರಿಗೆ ಚೆನ್ನಾಗಿ ಗೊತ್ತು, ಅಲ್ವಾ?

ಬೋರ್ ನೀರನ್ನೂ ಮಣ್ಣನ್ನೂ ಪರೀಕ್ಷೆ ಮಾಡಿಸಿ. ಉಪ್ಪಿನಂಶ ಜಾಸ್ತಿ ಇದ್ದರೆ ಸ್ವಂತ ಬೇರಿನ ಗಿಡ ಸೊರಗುತ್ತದೆ, ಬೇರು ಗಿಡದ (ಬೇರಿಗಾಗಿಯೇ ಬೆಳೆಸುವ ಗಟ್ಟಿ ತಳಿ) ಮೇಲೆ ಕಸಿ ಮಾಡಿದ್ದೇ ಬೇಕು. ನಮ್ಮಲ್ಲಿ ಹೆಚ್ಚಿನವರು ಡಾಗ್‌ರಿಡ್ಜ್ ಅನ್ನುವ ಬೇರು ಗಿಡ ಹಚ್ಚುತ್ತಾರೆ. ಅದು ಬರ, ಉಪ್ಪು ಎರಡನ್ನೂ ತಡೆಯುತ್ತದೆ, ಆದರೆ ಗಿಡಕ್ಕೆ ಸೊಕ್ಕು ಜಾಸ್ತಿ, ಎಲೆಯೇ ತುಂಬಿಕೊಳ್ಳುತ್ತದೆ. ವೈನ್ ತಳಿಗೆ 110-ಆರ್ ಅನ್ನುವ ಬೇರು ಗಿಡ ಸಿಕ್ಕರೆ ನನ್ನ ಮತ ಅದಕ್ಕೇ.

ನೀರು ಕಮ್ಮಿ ಇರುವುದು ವೈನ್ ದ್ರಾಕ್ಷಿಗೆ ಶಾಪವಲ್ಲ, ಯಾವಾಗ ಕಮ್ಮಿ ಮಾಡಬೇಕು ಅನ್ನುವುದು ಗೊತ್ತಿರಬೇಕು ಅಷ್ಟೇ. ಹಣ್ಣಿಗಾಗಿ ಮಾಡುವ ಅಕ್ಟೋಬರ್ ಚಾಟ್ನಿಯಿಂದ ಹೂವು ಮುಗಿದು ಕಾಯಿ ಕಟ್ಟುವವರೆಗೆ ನೀರಿಗೆ ತೊಂದರೆ ಕೊಡಬೇಡಿ. ಕಾಯಿ ನಿಂತ ಮೇಲೆ ಬಣ್ಣ ತಿರುಗುವವರೆಗೆ ಹನಿ ನೀರಾವರಿಯ ಹೊತ್ತನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿ. ಕಾಯಿ ಸಣ್ಣದಾಗಿ ಉಳಿಯುತ್ತದೆ, ರಸಕ್ಕೆ ಹೋಲಿಸಿದರೆ ಸಿಪ್ಪೆಯ ಪಾಲು ಜಾಸ್ತಿ ಆಗುತ್ತದೆ, ಕೆಂಪು ವೈನಿನ ಬಣ್ಣ, ಒಗರು, ಸುವಾಸನೆ ಹೆಚ್ಚಾಗಿ ಬರುವುದು ಆ ಸಿಪ್ಪೆಯಿಂದಲೇ. ಕುಡಿ ಬೆಳೆಯುವುದು ನಿಂತರೆ ಸಾಕು. ಬುಡದ ಎಲೆ ಹಳದಿ ಆಗಿ ಉದುರಲು ಶುರುವಾದರೆ ಮಿತಿ ಮೀರಿದಿರಿ ಅಂತ ಅರ್ಥ, ತಕ್ಷಣ ನೀರು ಬಿಡಿ. ಕಟಾವಿನ ಹೊತ್ತಿಗೆ ತೂಕ ಬರಲಿ ಅಂತ ನೀರು ಹಾಯಿಸುವ ಚಟ ಮಾತ್ರ ಬೇಡವೇ ಬೇಡ.

ಗಿಡದ ಬುಡಕ್ಕೆ ಕಬ್ಬಿನ ರವದಿ (ಒಣ ಎಲೆ) ದಪ್ಪಗೆ ಹಾಸಿ. ಚಾಟ್ನಿ ಮಾಡಿದ ಕಡ್ಡಿಯಲ್ಲಿ ರೋಗ ಇಲ್ಲದಿದ್ದರೆ ಸುಡಬೇಡಿ, ಪುಡಿ ಮಾಡಿ ಅಲ್ಲೇ ಹಾಕಿ. ಎರೆಮಣ್ಣು ಬಿರುಕು ಬಿಡುವುದು ಕಡಿಮೆಯಾಗುತ್ತದೆ. ಸಾಲು ಉತ್ತರ-ದಕ್ಷಿಣ ಇದ್ದರೆ ಪಡುವಣ ಬದಿಯ ಎಲೆ ಕೀಳಬೇಡಿ, ಮಧ್ಯಾಹ್ನದ ಬಿಸಿಲಿಗೆ ಗೊನೆ ಸುಟ್ಟುಹೋಗುತ್ತದೆ. ಮೂಡಣ ಬದಿ ಸ್ವಲ್ಪ ತೆಗೆದರೆ ಗಾಳಿಯಾಡುತ್ತದೆ, ಬೂದಿ ರೋಗ ಕಡಿಮೆ. ದಾವಣಿ ರೋಗ (ಡೌನಿ ಮಿಲ್ಡ್ಯೂ ಅನ್ನುವ ಬೂಜು) ಬರಲು ಎಲೆ ಒದ್ದೆ ಇರಬೇಕು, ಆದ್ದರಿಂದ ಅಕ್ಟೋಬರ್ ಮಳೆ, ಮಂಜು ನೋಡಿ ಔಷಧ ಹೊಡೆಯಿರಿ. ಸುಮ್ನೆ ಪಕ್ಕದವರು ಹೊಡೆದರು ಅಂತ ಹೊಡೆಯಬೇಡಿ.

ಕಟಾವು ಫೆಬ್ರುವರಿ-ಮಾರ್ಚ್‌ನಲ್ಲಿ, ಬೆಳಗಿನ ಜಾವವೇ ಮುಗಿಸಿ. ತಂಪು ಹಣ್ಣು ವೈನರಿ ಸೇರಿದರೆ ಅದನ್ನು ತಣ್ಣಗೆ ಮಾಡುವ ಕರೆಂಟ್ ಉಳಿಯುತ್ತದೆ. ಒಪ್ಪಂದ ಬರೆಯುವಾಗಲೇ ಇನ್ನೆರಡು ಮಾತು ಸೇರಿಸಿ. ಟ್ಯಾಂಕ್ ತೊಳೆದ ನೀರನ್ನು ಶುದ್ಧ ಮಾಡಿ ಮರುಬಳಕೆ ಮಾಡುತ್ತಾರಾ ಅಂತ ಕೇಳಿ. ಹಿಂಡಿ ಉಳಿದ ಸಿಪ್ಪೆ, ಬೀಜವನ್ನು ಬೆಳೆಗಾರರಿಗೇ ವಾಪಸ್ ಕೊಡಬೇಕು ಅಂತ ಬರೆಸಿ. ಅದನ್ನು ಹಸಿಯಾಗಿ ಹಾಕಬೇಡಿ, ಹುಳಿ ಇರುತ್ತದೆ. ಸಗಣಿ ಜೊತೆ ಚೆನ್ನಾಗಿ ಕೊಳೆಸಿ, ಮುಂದಿನ ಚಾಟ್ನಿ ಹೊತ್ತಿಗೆ ಗಿಡದ ಬುಡಕ್ಕೆ ಕೊಡಿ.