ಎಚ್‌ಐವಿ ತಡೆಯಬೇಕಾ? ಮೊದಲು ಔಷಧಿ ಬೀರು ತೆಗೆದು ನೋಡಿ

ತಾಂಜಾನಿಯದ ಮ್ವಾಂಜಾ ವಿಕ್ಟೋರಿಯಾ ಸರೋವರದ ದಂಡೆಯಲ್ಲಿದೆ. ಅಲ್ಲಿನ ಹಳ್ಳಿಗಳಲ್ಲಿ 1991ರಲ್ಲಿ ಒಂದು ಪ್ರಯೋಗ ಶುರುವಾಯಿತು. ಹೊಸ ಆಸ್ಪತ್ರೆ ಕಟ್ಟಲಿಲ್ಲ. ಇದ್ದ ಸಿಬ್ಬಂದಿಗೇ ತರಬೇತಿ ಕೊಟ್ಟು, ಔಷಧಿ ಖಾಲಿಯಾಗದಂತೆ ನೋಡಿಕೊಂಡು, ಗುಪ್ತರೋಗಗಳಿಗೆ ಸರಿಯಾಗಿ ಚಿಕಿತ್ಸೆ ಮಾಡಿದರು. ಎರಡು ವರ್ಷದಲ್ಲಿ ಅಲ್ಲಿ ಹೊಸ ಎಚ್‌ಐವಿ ಸೋಂಕು ಹೋಲಿಕೆಗೆ ಇಟ್ಟುಕೊಂಡಿದ್ದ ಬೇರೆ ಹಳ್ಳಿಗಳಿಗಿಂತ ಸುಮಾರು ಶೇ 40ರಷ್ಟು ಕಡಿಮೆ! ಹುಣ್ಣು, ಉರಿಯೂತ ಇದ್ದರೆ ವೈರಸ್ ಸುಲಭವಾಗಿ ಒಳಗೆ ನುಗ್ಗುತ್ತದೆ, ಅದಕ್ಕೇ.

ನೀವು ಆಫ್ರಿಕಾದ ಯಾವುದಾದರೂ ಆರೋಗ್ಯ ಯೋಜನೆಯಲ್ಲಿದ್ದರೆ ಇಲ್ಲಿಂದಲೇ ಶುರು ಮಾಡಿ. ಕೀವು ಸೋರುತ್ತಿದೆ ಅಂತ ನಾಚಿಕೊಂಡು ಬಂದ ಗಂಡಸಿಗೆ "ಲ್ಯಾಬ್ ರಿಪೋರ್ಟ್ ಬರಲಿ, ಮುಂದಿನ ವಾರ ಬಾ" ಅಂದರೆ ಅವನು ಮತ್ತೆ ಬರುವುದಿಲ್ಲ, ಸಂತೆಯಲ್ಲಿ ಸಿಕ್ಕಿದ ಮಾತ್ರೆ ನುಂಗುತ್ತಾನೆ. ಲ್ಯಾಬ್ ಇಲ್ಲದ ಕಡೆ ಲಕ್ಷಣ ನೋಡಿಯೇ ಗೊನೊರಿಯಾ, ಕ್ಲಮಿಡಿಯಾ ಅನ್ನುವ ಎರಡು ಗುಪ್ತರೋಗಕ್ಕೂ ಅವತ್ತೇ ಔಷಧಿ ಕೊಡಿ. ಸಂಗಾತಿಗೆ ಕೊಡಲು ಒಂದು ಚೀಟಿ ಕೊಡಿ, ಅದರ ಮೇಲೆ ರೋಗದ ಹೆಸರು ಬೇಡ. ಹೆಂಗಸರ ವಿಷಯ ಕಷ್ಟ, ಎಷ್ಟೋ ಸಲ ಲಕ್ಷಣವೇ ಇರುವುದಿಲ್ಲ. ಬಸುರಿಯರಿಗಾದರೂ ಬೆರಳು ಚುಚ್ಚಿ ಸಿಫಿಲಿಸ್, ಎಚ್‌ಐವಿ ಎರಡೂ ನೋಡಲೇಬೇಕು.

ಇಷ್ಟೇ ಸಾಕಾ? ಸಾಲದು. ಉಗಾಂಡದ ರಕಾಯಿಯಲ್ಲಿ ಗುಪ್ತರೋಗ ಇರಲಿ ಬಿಡಲಿ, ಊರಿಗೆಲ್ಲ ಔಷಧಿ ಕೊಟ್ಟು ನೋಡಿದರು, ಎಚ್‌ಐವಿ ಇಳಿಯಲಿಲ್ಲ. ಎಚ್‌ಐವಿ ಆಗಲೇ ಊರೆಲ್ಲ ಹರಡಿತ್ತು ಅನ್ನುವುದು ಒಂದು ವಿವರಣೆ. ಹಾಗಾಗಿ ಗುಪ್ತರೋಗಕ್ಕೆ ಬಂದವರಿಗೆಲ್ಲ ಅಲ್ಲೇ ಎಚ್‌ಐವಿ ಪರೀಕ್ಷೆಯನ್ನೂ ಮಾಡಿ. ಇದ್ದರೆ ಬೇಗ ಎಆರ್‌ಟಿ, ಅಂದರೆ ವೈರಸ್ ಹತ್ತಿಕ್ಕುವ ಮಾತ್ರೆ, ಶುರು ಮಾಡಿಸಿ, ಆರೋಗ್ಯ ಸ್ಥಿರವಾದ ಮೇಲೆ ಮೂರರಿಂದ ಆರು ತಿಂಗಳ ಮಾತ್ರೆ ಒಟ್ಟಿಗೇ ಕೊಡಿ. ರಕ್ತದಲ್ಲಿ ವೈರಸ್ ಕಾಣದಷ್ಟು ಇಳಿದರೆ ಅವರಿಂದ ಲೈಂಗಿಕ ಸಂಪರ್ಕದಲ್ಲಿ ಸೋಂಕು ಹರಡುವುದಿಲ್ಲ, ಇದನ್ನು ಬಾಯಿಬಿಟ್ಟು ಹೇಳಿ. ಎಚ್‌ಐವಿ ಇಲ್ಲದವರಿಗೆ ಕಾಂಡೋಮ್, ಬೇಕಿದ್ದವರಿಗೆ ಪ್ರೆಪ್, ಅಂದರೆ ಸೋಂಕು ತಗಲದಂತೆ ಮೊದಲೇ ತೆಗೆದುಕೊಳ್ಳುವ ಔಷಧಿ. ದಕ್ಷಿಣ ಆಫ್ರಿಕಾ, ಉಗಾಂಡದಲ್ಲಿ ಆರು ತಿಂಗಳಿಗೊಮ್ಮೆ ಲೆನಕಾಪವಿರ್ ಇಂಜೆಕ್ಷನ್ ಪಡೆದ ಎರಡು ಸಾವಿರಕ್ಕೂ ಜಾಸ್ತಿ ಯುವತಿಯರಲ್ಲಿ ಒಬ್ಬರಿಗೂ ಎಚ್‌ಐವಿ ತಗಲಲಿಲ್ಲ ಅಂತ 2024ರಲ್ಲಿ ಗೊತ್ತಾಯಿತು.

ಆದರೆ ಹುಡುಗಿ ಬಾಗಿಲು ದಾಟಬೇಕಲ್ವಾ? "ಈ ವಯಸ್ಸಿಗೇ ಇದೆಲ್ಲ ಬೇಕಿತ್ತಾ?" ಅಂತ ನರ್ಸ್ ಒಂದು ಸಲ ಕೇಳಿದರೆ ಅವಳ ಗೆಳತಿಯರೂ ಆ ಕಡೆ ತಲೆ ಹಾಕುವುದಿಲ್ಲ. ಶಾಲೆ ಬಿಟ್ಟ ಮೇಲೂ ಕೇಂದ್ರ ತೆರೆದಿರಲಿ. ಎಚ್‌ಐವಿ ಅಂತ ಬೋರ್ಡ್ ಹಾಕಿ ಬೇರೆ ಸಾಲು ಮಾಡಬೇಡಿ, ಬಿಪಿ ನೋಡುವ ಕೋಣೆಯಲ್ಲೇ ಇದನ್ನೂ ನೋಡಿ. ತಿಂಗಳಿಗೊಮ್ಮೆ ಹೊರಗಿನ ಬೆಂಚಿನ ಮೇಲೆ ಅರ್ಧ ಗಂಟೆ ಸುಮ್ನೆ ಕೂತುಕೊಳ್ಳಿ. ಒಳಗಿನ ಮಾತು ಅಲ್ಲಿಗೆ ಕೇಳಿಸಿದರೆ, ಮೊದಲು ಆ ಕೋಣೆಗೊಂದು ಗಟ್ಟಿ ಬಾಗಿಲು ಹಾಕಿಸಿ.