ನೋಡಿದ ಸಿನಿಮಾ, ಕೇಳಿದ ಪಾಡ್‌ಕಾಸ್ಟ್: ಅಭಿಪ್ರಾಯ ಬರೆಯುವ ಬಗೆ

ಸಿನಿಮಾ ನೋಡಿ ಬಂದವರನ್ನು ಎಲ್ಲರೂ ಮೊದಲು ಕೇಳುವ ಪ್ರಶ್ನೆ "ಹೇಗಿತ್ತು?" ಎಂಬುದು. ಅದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರಗಳು "ಚೆನ್ನಾಗಿತ್ತು", "ಒಮ್ಮೆ ನೋಡಬಹುದು", "ಸೆಕೆಂಡ್ ಹಾಫ್ ಸ್ವಲ್ಪ ಲ್ಯಾಗ್" ಎಂಬಂಥವು. ಈ ಉತ್ತರಗಳಲ್ಲಿ ಸುಳ್ಳೇನೂ ಇಲ್ಲ, ಆದರೆ ಕೇಳಿದವರಿಗೆ ಇವುಗಳಿಂದ ಏನೂ ದೊರೆಯುವುದಿಲ್ಲ. ಆ ಸಿನಿಮಾ ತಮಗೆ ಹಿಡಿಸೀತೇ ಎಂಬ ಅವರ ನಿಜವಾದ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ವೃತ್ತಿಪರ ವಿಮರ್ಶಕರು ಇಡೀ ಕೃತಿಗೆ ಲೆಕ್ಕ ಒಪ್ಪಿಸಬೇಕಾಗುತ್ತದೆ. ಸಾಮಾನ್ಯ ನೋಡುಗರ ಅನಿಸಿಕೆಗೆ ಆ ಹೊರೆಯಿಲ್ಲ. ಕೃತಿಯ ಯಾವ ಭಾಗದಲ್ಲಿ, ಯಾವ ಸ್ಥಿತಿಯಲ್ಲಿ ತಮಗೆ ಏನಾಯಿತು ಎಂಬುದನ್ನು ಅವರು ನಿಖರವಾಗಿ ಹೇಳಿದರೆ ಸಾಕು. ಆದರೂ ಅಷ್ಟನ್ನು ಹೇಳುವುದಕ್ಕೆ ಶ್ರದ್ಧೆ ಬೇಕು, ಏಕೆಂದರೆ ಆ ನಾಲ್ಕು ಸಾಲುಗಳನ್ನು ನಂಬಿ ಇನ್ನೊಬ್ಬರು ತಮ್ಮ ಒಂದು ಸಂಜೆಯನ್ನೋ, ಸರಣಿಯಾದರೆ ಒಂದು ವಾರದ ಬಿಡುವನ್ನೋ ಕೊಡುತ್ತಾರೆ.

ಇತರರ ಮಾತು ಓದುವ ಮೊದಲೇ ಬರೆಯಿರಿ

ನಿಮ್ಮ ಅನಿಸಿಕೆಯನ್ನು ಬೇರೆಯವರ ಅಂಕಗಳನ್ನು ನೋಡುವ ಮೊದಲೇ ಎರಡು ಸಾಲಿನಲ್ಲಾದರೂ ಗುರುತು ಹಾಕಿಕೊಳ್ಳಿ. ಉಳಿದ ಸಲಹೆಗಳನ್ನೆಲ್ಲ ಮರೆತರೂ ಇದೊಂದನ್ನು ಮರೆಯಬಾರದು ಎಂಬುದು ನನ್ನ ಖಚಿತ ನಿಲುವು. ಮ್ಯಾಥ್ಯೂ ಸಾಲ್ಗಾನಿಕ್, ಪೀಟರ್ ಡಾಡ್ಸ್ ಮತ್ತು ಡಂಕನ್ ವಾಟ್ಸ್ ಎಂಬ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ 14,000ಕ್ಕೂ ಹೆಚ್ಚು ಜನರಿಗೆ ಹೆಸರು ಕೇಳಿರದ ಗಾಯಕರ ಹಾಡುಗಳನ್ನು ಕೇಳಿಸಲಾಯಿತು. ಕೆಲವರಿಗೆ ಹಾಡುಗಳಷ್ಟೇ ಕಾಣಿಸುತ್ತಿದ್ದವು. ಉಳಿದವರನ್ನು ಬೇರೆ ಬೇರೆ ಗುಂಪುಗಳಾಗಿ ವಿಂಗಡಿಸಿ, ತಮ್ಮ ಗುಂಪಿನಲ್ಲಿ ಯಾವ ಹಾಡನ್ನು ಎಷ್ಟು ಮಂದಿ ಡೌನ್‌ಲೋಡ್ ಮಾಡಿದ್ದಾರೆ ಎಂಬುದನ್ನೂ ತೋರಿಸಲಾಗುತ್ತಿತ್ತು. ಇತರರ ಆಯ್ಕೆ ಕಣ್ಣಿಗೆ ಬೀಳುತ್ತಿದ್ದ ಗುಂಪುಗಳಲ್ಲಿ ಜನಪ್ರಿಯ ಹಾಡು ಇನ್ನಷ್ಟು ಜನಪ್ರಿಯವಾಯಿತು. ಅದಕ್ಕಿಂತ ಮುಖ್ಯವಾಗಿ, ಒಂದು ಗುಂಪಿನಲ್ಲಿ ಮೇಲಕ್ಕೇರಿದ ಹಾಡು ಇನ್ನೊಂದರಲ್ಲಿ ಎಲ್ಲೋ ಕೆಳಗೆ ಉಳಿದುಬಿಡಬಹುದಿತ್ತು. ಅತ್ಯುತ್ತಮವಾದವು ತೀರಾ ಸೋಲುವುದು, ಅತಿ ಕಳಪೆಯವು ತೀರಾ ಗೆಲ್ಲುವುದು ಅಪರೂಪವಾಗಿತ್ತು. ನಡುವಿನ ಹಾಡುಗಳ ಗತಿ ಮಾತ್ರ ಮೊದಲು ಬಂದವರು ಏನನ್ನು ಆರಿಸಿದರು ಎಂಬುದನ್ನು ಬಹಳಮಟ್ಟಿಗೆ ಅವಲಂಬಿಸಿತ್ತು. ನಾವು ನೋಡುವ ಹೆಚ್ಚಿನ ಸಿನಿಮಾ, ಸರಣಿಗಳು ಈ ನಡುವಿನ ವರ್ಗಕ್ಕೇ ಸೇರುತ್ತವೆ. ಹಾಗಾಗಿ ಇತರರ ಮಾತನ್ನು ಓದಿ ಆಮೇಲೆ ಬರೆದ ಅಭಿಪ್ರಾಯದಲ್ಲಿ ನಿಮ್ಮದೆಷ್ಟು, ಅವರದೆಷ್ಟು ಎಂದು ನಿಮಗೇ ತಿಳಿಯುವುದು ಕಷ್ಟ.

ಬರೆಯಲು ತಡ ಮಾಡಿದರೆ ಇನ್ನೊಂದು ತೊಂದರೆಯಿದೆ. ನಮ್ಮ ನೆನಪು ಅನುಭವದ ಎಲ್ಲ ಗಳಿಗೆಗಳಿಗೂ ಸಮಾನ ಬೆಲೆ ಕೊಡುವುದಿಲ್ಲ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಜನರು ಒಮ್ಮೆ 14 ಡಿಗ್ರಿ ಸೆಲ್ಸಿಯಸ್ ತಣ್ಣೀರಿನಲ್ಲಿ 60 ಸೆಕೆಂಡು ಕೈಯಿಟ್ಟರು. ಇನ್ನೊಮ್ಮೆ ಅದೇ 60 ಸೆಕೆಂಡಿನ ಮೇಲೆ, ನೀರನ್ನು ಕೇವಲ 15 ಡಿಗ್ರಿಗೆ ಏರಿಸುತ್ತಾ, ಇನ್ನೂ 30 ಸೆಕೆಂಡು ಇಟ್ಟರು. ಮತ್ತೊಮ್ಮೆ ಮಾಡಬೇಕಾದರೆ ಯಾವುದು ಬೇಕೆಂದು ಕೇಳಿದಾಗ ಹೆಚ್ಚಿನವರು ಆರಿಸಿದ್ದು ಎರಡನೆಯದನ್ನು. ಒಟ್ಟು ನೋವು ಅದರಲ್ಲಿಯೇ ಹೆಚ್ಚಾಗಿದ್ದರೂ ಕೊನೆ ತುಸು ಹಿತವಾಗಿತ್ತೆಂಬುದೇ ಅವರ ಮನಸ್ಸಿನಲ್ಲಿ ಉಳಿದಿತ್ತು. ಅನುಭವದ ಅತಿ ತೀವ್ರ ಗಳಿಗೆ ಮತ್ತು ಅದರ ಕೊನೆ, ಇವೆರಡೇ ನೆನಪನ್ನು ಬಹುಮಟ್ಟಿಗೆ ಆಳುತ್ತವೆ. ಕ್ಲೈಮ್ಯಾಕ್ಸ್ ಮೈನವಿರೇಳಿಸಿದರೆ ಅದಕ್ಕೂ ಮೊದಲಿನ ಒಂದು ಗಂಟೆಯ ನೀರಸತನವನ್ನು ನಾವು ಮನ್ನಿಸಿಬಿಡುವುದೂ, ಕೊನೆಯ ಎಪಿಸೋಡ್ ಕೈಕೊಟ್ಟಿತೆಂದು ಅದಕ್ಕೂ ಹಿಂದಿನ ಸೊಗಸಾದ ಎಪಿಸೋಡ್‌ಗಳನ್ನೆಲ್ಲ ಒಟ್ಟಾಗಿ ತಳ್ಳಿಹಾಕುವುದೂ ಇದೇ ಕಾರಣದಿಂದ ಎಂದು ನನಗೆ ತೋರುತ್ತದೆ. ಇದಕ್ಕೊಂದು ಸರಳ ಉಪಾಯವಿದೆ. ಗುರುತು ಹಾಕಿಕೊಳ್ಳುವಾಗ ಆರಂಭ, ನಡುಭಾಗ, ಕೊನೆ ಎಂದು ಬೇರೆ ಬೇರೆಯಾಗಿ ಒಂದೊಂದು ಸಾಲು ಬರೆಯಿರಿ. ನಡುಭಾಗದ ಬಗ್ಗೆ ಏನೂ ನೆನಪಾಗದಿದ್ದರೆ, ಅದನ್ನೇ ಬರೆಯಿರಿ.

ಒಂದು ಜಾಗವನ್ನು ಬೆರಳಿಟ್ಟು ತೋರಿಸಿ

ಅನಿಸಿಕೆಗೆ ಜೀವ ಬರುವುದು ಅದು ಕೃತಿಯ ಒಂದು ನಿರ್ದಿಷ್ಟ ಗಳಿಗೆಯ ಮೇಲೆ ನಿಂತಾಗ. ಅಣ್ಣ ತಂಗಿಯರ ಕಥೆಯೊಂದನ್ನು ಕಲ್ಪಿಸಿಕೊಳ್ಳೋಣ. "ದ್ವಿತೀಯಾರ್ಧ ಎಳೆದಿದ್ದಾರೆ" ಎಂದು ಬರೆದರೆ ಓದುವವರು ಅದನ್ನು ನಂಬಬೇಕು ಅಥವಾ ಬಿಡಬೇಕು. ಅದನ್ನೇ "ತಂಗಿ ಮನೆ ಬಿಟ್ಟು ಹೋಗುವವರೆಗೂ ಅವಳು ನಿಜ ಹೇಳುತ್ತಾಳೋ ಇಲ್ಲವೋ ಎಂಬ ಕುತೂಹಲದಿಂದ ನೋಡುತ್ತಿದ್ದೆ, ಅವಳು ಹೋದ ಮೇಲೆ ಅಣ್ಣನ ಎದುರು ಯಾವ ಪ್ರಶ್ನೆಯೂ ಉಳಿಯಲಿಲ್ಲ, ಅವನು ದುಃಖಪಡುವುದನ್ನು ಮಾತ್ರ ಒಂದರ ಹಿಂದೆ ಒಂದು ದೃಶ್ಯದಲ್ಲಿ ತೋರಿಸಿದರು" ಎಂದು ಬರೆದರೆ, ದುಃಖದ ನಿಧಾನ ಚಿತ್ರಣವನ್ನೇ ಇಷ್ಟಪಡುವ ಓದುಗರು ನಿಮ್ಮ ಆಕ್ಷೇಪವನ್ನು ಓದಿಯೇ ಆ ಸಿನಿಮಾ ನೋಡಲು ಹೊರಡಬಹುದು. ಇಂತಹ ಅಭಿಪ್ರಾಯ ಬರೆದವರ ರುಚಿಯನ್ನೂ ಕೃತಿಯ ಸ್ವಭಾವವನ್ನೂ ಒಟ್ಟಿಗೆ ತಿಳಿಸುತ್ತದೆ. ನನ್ನ ಮಟ್ಟಿಗೆ, ಒಪ್ಪದಿರುವವರಿಗೂ ಉಪಯೋಗಕ್ಕೆ ಬರುವ ಅಭಿಪ್ರಾಯವೇ ಒಳ್ಳೆಯ ಅಭಿಪ್ರಾಯ.

ಅಂತಹ ಗಳಿಗೆಯನ್ನು ಹುಡುಕುವುದು ಕಷ್ಟವಲ್ಲ. ಫೋನಿನ ಕಡೆಗೆ ಕೈ ಹೋದದ್ದು ಯಾವಾಗ, ಮೈ ಮುಂದಕ್ಕೆ ಬಾಗಿದ್ದು ಯಾವಾಗ, ಯಾವ ಮಾತು ಕೇಳಿ ನಗು ಬಂತು, ಎಲ್ಲಿ ನಗು ಬರಬೇಕಿತ್ತೆಂದು ತಿಳಿದೂ ಬರಲಿಲ್ಲ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ದೇಹ ಕೊಟ್ಟ ಈ ಸಾಕ್ಷ್ಯ "ಚಿತ್ರಕಥೆ ಬಿಗಿಯಾಗಿಲ್ಲ" ಎಂಬ ಎರವಲು ಮಾತಿಗಿಂತ ಎಷ್ಟೋ ಮೇಲು.

ಕಾರಣ ಹೇಳುವಾಗ ಮಾತ್ರ ಸ್ವಲ್ಪ ಎಚ್ಚರ ಬೇಕು. ಪರದೆಯ ಮೇಲೆ ಕಂಡದ್ದಕ್ಕೆ ಯಾರು ಕಾರಣರು ಎಂಬುದು ಕಂಡಷ್ಟು ಸರಳವಲ್ಲ. ರಷ್ಯಾದ ಚಿತ್ರ ನಿರ್ದೇಶಕ ಲೆವ್ ಕುಲೆಶೊವ್ ಸುಮಾರು ನೂರು ವರ್ಷಗಳ ಹಿಂದೆ ಮಾಡಿದ ಪ್ರಯೋಗ ಪ್ರಸಿದ್ಧವಾಗಿದೆ: ನಟನೊಬ್ಬನ ಭಾವವಿಲ್ಲದ ಮುಖದ ಒಂದೇ ಶಾಟ್ ಅನ್ನು ಒಮ್ಮೆ ಸೂಪಿನ ತಟ್ಟೆಯೊಂದಿಗೆ, ಇನ್ನೊಮ್ಮೆ ಶವಪೆಟ್ಟಿಗೆಯೊಂದಿಗೆ ಜೋಡಿಸಿ ತೋರಿಸಿದಾಗ, ನೋಡಿದವರು ಆ ಒಂದೇ ಮುಖದಲ್ಲಿ ಗಾಢ ಚಿಂತನೆಯನ್ನೂ ಶೋಕವನ್ನೂ ಕಂಡು ನಟನೆಯನ್ನು ಹೊಗಳಿದರೆಂದು ಅವನ ಸಹೋದ್ಯೋಗಿ ಪುಡೋವ್ಕಿನ್ ಬರೆದಿದ್ದಾನೆ. ನಾವು "ಅದ್ಭುತ ಅಭಿನಯ" ಎಂದು ಮೆಚ್ಚಿದ್ದರಲ್ಲಿ ಸಂಕಲನಕಾರರ ಪಾಲೂ ಹಿನ್ನೆಲೆ ಸಂಗೀತದ ಪಾಲೂ ಇರಬಹುದು. "ಸಪ್ಪೆ ಅಭಿನಯ" ಎಂದು ಬೈದದ್ದು ಡಬ್ಬಿಂಗ್ ದನಿಯ ದೋಷವಾಗಿರಬಹುದು. ಆದ್ದರಿಂದ ಮೊದಲು ಪರಿಣಾಮವನ್ನು ಹೇಳಿ, ಕಾರಣವನ್ನು ಆಮೇಲೆ "ಬಹುಶಃ" ಎಂದು ಸೇರಿಸಿ. "ಅವರ ಮುಖ ನೋಡುತ್ತಿದ್ದಂತೆ ಗಂಟಲು ಕಟ್ಟಿತು" ಎಂಬ ಮಾತನ್ನು ಯಾರೂ ಅಲ್ಲಗಳೆಯಲಾರರು.

ಇದೇ ಸಂದರ್ಭದಲ್ಲಿ ಇನ್ನೊಂದು ಮಾತು. ಲೋಟದಲ್ಲಿನ ನೀರು ಒಂದು ಶಾಟ್‌ನಿಂದ ಇನ್ನೊಂದಕ್ಕೆ ಹೆಚ್ಚು ಕಡಿಮೆಯಾಗಿತ್ತು ಎಂಬಂತಹ ಕಂಟಿನ್ಯುಟಿ ದೋಷಗಳನ್ನು ಹೆಕ್ಕುವುದರಲ್ಲಿ ಕೆಲವರಿಗೆ ಬಹಳ ಆಸಕ್ತಿ. ಹಾಲಿವುಡ್‌ನ ಹಿರಿಯ ಸಂಕಲನಕಾರ ವಾಲ್ಟರ್ ಮರ್ಚ್ ಒಂದು ಕಟ್ (ಒಂದು ಶಾಟ್‌ನಿಂದ ಇನ್ನೊಂದಕ್ಕೆ ಹೋಗುವ ಜಾಗ) ಸರಿಯೇ ಎಂದು ತೀರ್ಮಾನಿಸಲು ಆರು ಮಾನದಂಡಗಳನ್ನು ಹೇಳಿ, ಅವುಗಳಲ್ಲಿ ಭಾವಕ್ಕೆ ಶೇಕಡಾ 51, ಕಥೆಗೆ 23, ಲಯಕ್ಕೆ 10ರಷ್ಟು ತೂಕ ಕೊಟ್ಟಿದ್ದಾರೆ. ಜಾಗದಲ್ಲಿ ಯಾರು ಎಲ್ಲಿದ್ದಾರೆ ಎಂಬ ನಿರಂತರತೆಗೆ ಅವರು ಕೊಟ್ಟದ್ದು ಕೇವಲ 4. ಸಿನಿಮಾ ಕಟ್ಟುವವರೇ ಇಷ್ಟು ಹಿಂದೆ ಸರಿಸಿದ್ದನ್ನು ನೋಡುಗರು ಅಭಿಪ್ರಾಯದ ಮುಂಚೂಣಿಗೆ ತರಬೇಕಾಗಿಲ್ಲ.

"ನನಗೆ ಹಿಡಿಸಲಿಲ್ಲ" ಎಂಬುದನ್ನೂ "ಚೆನ್ನಾಗಿಲ್ಲ" ಎಂಬುದನ್ನೂ ಬೇರೆಯಾಗಿ ಇರಿಸಿಕೊಳ್ಳಿ. ಮೊದಲನೆಯದಕ್ಕೆ ನಿಮ್ಮ ಮಾತೇ ಸಾಕು, ಎರಡನೆಯದಕ್ಕೆ ಕೃತಿಯೊಳಗಿನ ಆಧಾರ ಬೇಕು. ರಕ್ತಪಾತ ಕಂಡರೆ ಮುಖ ತಿರುಗಿಸುವವರು ಹಾರರ್ ಸಿನಿಮಾವೊಂದನ್ನು ಬೈಯುವ ಮೊದಲು ಆ ವಿಷಯವನ್ನು ಒಂದು ಸಾಲಿನಲ್ಲಿ ಹೇಳಿಬಿಟ್ಟರೆ ಓದುವವರಿಗೆ ಉಪಕಾರವಾಗುತ್ತದೆ.

ಹೇಗೆ ನೋಡಿದಿರಿ, ಎಷ್ಟು ನೋಡಿದಿರಿ

ಚಿತ್ರಮಂದಿರದಲ್ಲಿ ನೋಡಿದಿರೋ, ಫೋನಿನಲ್ಲಿ ತುಂಡು ತುಂಡಾಗಿ ನೋಡಿದಿರೋ, ಮೂಲ ಭಾಷೆಯಲ್ಲಿ ಸಬ್‌ಟೈಟಲ್ ಇಟ್ಟುಕೊಂಡು ನೋಡಿದಿರೋ, ಡಬ್ ಆದದ್ದನ್ನು ನೋಡಿದಿರೋ ಎಂಬುದನ್ನು ಅರ್ಧ ವಾಕ್ಯದಲ್ಲಿ ತಿಳಿಸಿ. ಛಾಯಾಗ್ರಹಣವೇ ಜೀವಾಳವಾಗಿರುವ ಸಿನಿಮಾ ಅಂಗೈಯಗಲದ ಪರದೆಯಲ್ಲಿ ಸಾಧಾರಣವಾಗಿ ಕಂಡರೆ ಅದು ಆ ಸಿನಿಮಾದ ತಪ್ಪಾಗಲಾರದು.

ಸರಣಿಗಳ ವಿಷಯದಲ್ಲಿ ಎಷ್ಟು ಎಪಿಸೋಡ್ ನೋಡಿದ್ದೀರಿ ಎಂಬುದನ್ನು ಮೊದಲ ಸಾಲಿನಲ್ಲಿಯೇ ಹೇಳುವುದು ಪ್ರಾಮಾಣಿಕತೆ. ಮೂರನೆಯ ಎಪಿಸೋಡ್‌ಗೆ ಬಿಟ್ಟುಬಿಟ್ಟಿದ್ದರೆ ಹಾಗೆಂದೇ ಬರೆಯಿರಿ, ಏಕೆ ಬಿಟ್ಟಿರಿ ಎಂಬುದನ್ನೂ ಬರೆಯಿರಿ. ಅರ್ಧಕ್ಕೆ ಬಿಟ್ಟವರ ಅನುಭವ ಮುಂದೆ ಬರುವವರಿಗೆ ಪೂರ್ತಿ ನೋಡಿದವರ ಹೊಗಳಿಕೆಯಷ್ಟೇ ಮುಖ್ಯ. ನೋಡಿದ ವೇಗವೂ ಲೆಕ್ಕಕ್ಕೆ ಬರುತ್ತದೆ. ನೆಟ್‌ಫ್ಲಿಕ್ಸ್ 2013ರಿಂದ ತನ್ನ ಸರಣಿಗಳ ಇಡೀ ಸೀಸನ್‌ಗಳನ್ನು ಒಂದೇ ದಿನ ಬಿಡುಗಡೆ ಮಾಡುವುದನ್ನು ರೂಢಿಗೆ ತಂದ ಮೇಲೆ ಒಂದೇ ರಾತ್ರಿ ಆರೇಳು ಎಪಿಸೋಡ್ ನೋಡುವುದು ಸಾಮಾನ್ಯವಾಗಿದೆ. ವಾರಕ್ಕೊಂದರಂತೆ ನೋಡಿದವರಿಗೆ ಹಿತವಾಗಿ ನೆನಪು ಮಾಡಿಕೊಡುವ ಸಂಭಾಷಣೆ, ಒಂದೇ ಬಾರಿಗೆ ನೋಡಿದವರಿಗೆ ಬೇಸರದ ಪುನರಾವರ್ತನೆಯಾಗಿ ಕೇಳಿಸುತ್ತದೆ.

ಪಾಡ್‌ಕಾಸ್ಟ್‌ಗಳ ಬಗ್ಗೆ ಬರೆಯುವುದು ಇನ್ನೂ ಬೇರೆ. ಒಂದು ಪಾಡ್‌ಕಾಸ್ಟ್ ನೂರಾರು ಎಪಿಸೋಡ್‌ಗಳಷ್ಟು ಬೆಳೆದಿರಬಹುದು, ಆ್ಯಪ್ ತೆರೆದ ಹೊಸ ಕೇಳುಗರಿಗೆ ಬಹುಮಟ್ಟಿಗೆ ತೀರಾ ಇತ್ತೀಚಿನ ಎಪಿಸೋಡ್ ಮೊದಲು ಕಣ್ಣಿಗೆ ಬೀಳುತ್ತದೆ, ಅದು ಅತಿ ಸಾಧಾರಣವಾದದ್ದೂ ಆಗಿರಬಹುದು. ಆದ್ದರಿಂದ ಪಾಡ್‌ಕಾಸ್ಟ್ ಅನಿಸಿಕೆಯಲ್ಲಿ ಅತಿ ಬೆಲೆಯುಳ್ಳ ಸಾಲು "ಇಲ್ಲಿಂದ ಶುರುಮಾಡಿ" ಎಂದು ಒಂದು ಎಪಿಸೋಡ್ ಅನ್ನು ಸೂಚಿಸುವ ಸಾಲು. ಅದರ ಜೊತೆಗೆ ಅದು ಸಂದರ್ಶನವೋ, ಗೆಳೆಯರ ಹರಟೆಯೋ, ಬರೆದು ಓದಿದ ಕಥನವೋ ಎಂಬುದನ್ನು ತಿಳಿಸಿ. ಸಂದರ್ಶನವಾದರೆ ಅತಿಥಿಯ ಬಗ್ಗೆ ನಿಮಗಿರುವ ಅಭಿಮಾನವನ್ನು ನಿರೂಪಕರ ಮೇಲೆ ಹೊರಿಸಬೇಡಿ. ನಿರೂಪಕರು ಅತಿಥಿಯ ಮಾತು ಮುಗಿಯಲು ಬಿಡುತ್ತಾರೆಯೇ, ಹಾರಿಕೆಯ ಉತ್ತರ ಬಂದಾಗ ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತಾರೆಯೇ ಎಂಬುದರತ್ತ ಕಿವಿಗೊಡಿ. ಇತಿಹಾಸ, ವಿಜ್ಞಾನ, ಆರೋಗ್ಯ, ಅಪರಾಧ ಪ್ರಕರಣಗಳ ಪಾಡ್‌ಕಾಸ್ಟ್ ಆದರೆ ಹೇಳಿದ ಸಂಗತಿಗಳಿಗೆ ಮೂಲ ಯಾವುದೆಂದು ತಿಳಿಸುತ್ತಾರೆಯೇ ಎಂಬುದನ್ನು ಕಡ್ಡಾಯವಾಗಿ ಗಮನಿಸಬೇಕು, ಏಕೆಂದರೆ ಆತ್ಮೀಯ ದನಿಯಲ್ಲಿ ಕಿವಿಯೊಳಗೆ ಬಿದ್ದ ಮಾತನ್ನು ನಾವು ಪರೀಕ್ಷಿಸದೆ ನಂಬಿಬಿಡುವುದು ಸುಲಭ. ಒಂದೂವರೆ ಪಟ್ಟು ವೇಗದಲ್ಲಿ ಕೇಳಿದ್ದರೆ ನಿರೂಪಣೆಯ ಲಯದ ಬಗ್ಗೆ ಮಾತನಾಡದಿರುವುದೇ ನ್ಯಾಯ.

ಕಥೆಯನ್ನು ಎಷ್ಟು ಬಿಟ್ಟುಕೊಡಬಹುದು

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕೇಂದ್ರದ ಜೋನಾಥನ್ ಲೆವಿಟ್ ಮತ್ತು ನಿಕೊಲಸ್ ಕ್ರಿಸ್ಟೆನ್‌ಫೆಲ್ಡ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಂತ್ಯವನ್ನು ಮೊದಲೇ ತಿಳಿದು ಸಣ್ಣಕಥೆ ಓದಿದವರು ತಿಳಿಯದೆ ಓದಿದವರಿಗಿಂತ ಆ ಕಥೆಗಳನ್ನು ಸ್ವಲ್ಪ ಹೆಚ್ಚೇ ಮೆಚ್ಚಿದ್ದರು. ಇದನ್ನು ಮುಂದಿಟ್ಟುಕೊಂಡು ಸ್ಪಾಯ್ಲರ್ ಕೊಡುವುದರಿಂದ, ಅಂದರೆ ಕಥೆಯ ಗುಟ್ಟನ್ನು ಮೊದಲೇ ಹೇಳಿಬಿಡುವುದರಿಂದ, ಹಾನಿಯಿಲ್ಲ ಎಂದು ವಾದಿಸುವವರಿದ್ದಾರೆ. ಆ ವಾದವನ್ನು ನಾನು ಒಪ್ಪುವುದಿಲ್ಲ. ಆ ಅಧ್ಯಯನ ನಡೆದದ್ದು ಸಣ್ಣಕಥೆಗಳ ಮೇಲೆ. ಅದಕ್ಕಿಂತ ಹೆಚ್ಚಾಗಿ, ಮೊದಲೇ ತಿಳಿಯಬೇಕೇ ಬೇಡವೇ ಎಂದು ತೀರ್ಮಾನಿಸುವ ಹಕ್ಕು ನೋಡಲು ಹೊರಟವರದು. ಟ್ರೇಲರ್‌ನಲ್ಲಿ ಕಂಡಷ್ಟನ್ನು, ಕಥೆಯ ಮುಖ್ಯ ಸಮಸ್ಯೆ ಎದುರಾಗುವವರೆಗಿನ ಭಾಗವನ್ನು ಮುಕ್ತವಾಗಿ ಹೇಳಿ. ಅದಕ್ಕಿಂತ ಮುಂದಿನದನ್ನು ಹೇಳಲೇಬೇಕಾದರೆ ಮೊದಲೇ ಎಚ್ಚರಿಕೆ ಕೊಟ್ಟು, ಬೇರೆ ಪ್ಯಾರಾದಲ್ಲಿ ಬರೆಯಿರಿ. "ಕೊನೆಯಲ್ಲಿ ಯಾರೂ ಊಹಿಸದ ಟ್ವಿಸ್ಟ್ ಇದೆ" ಎಂಬ ಮಾತೂ ಸ್ಪಾಯ್ಲರ್ ಎಂಬುದನ್ನು ಹಲವರು ಗಮನಿಸುವುದಿಲ್ಲ. ಅದನ್ನು ಓದಿದವರು ಮೊದಲ ದೃಶ್ಯದಿಂದಲೇ ಆ ಟ್ವಿಸ್ಟ್‌ಗಾಗಿ ಹುಡುಕುತ್ತಾ ಕೂರುತ್ತಾರೆ.

ಅಂಕ ಕೊಡುವ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ವಿಮರ್ಶೆಗಳನ್ನು ಒಟ್ಟುಗೂಡಿಸುವ ರಾಟನ್ ಟೊಮೆಟೋಸ್ ತಾಣದಲ್ಲಿ ಕಾಣುವ ಶೇಕಡಾ 90 ಎಂಬುದು ಹತ್ತಕ್ಕೆ ಒಂಬತ್ತು ಅಂಕವೆಂದು ತಿಳಿಯುವವರು ಬಹಳ ಮಂದಿ; ಅದರ ನಿಜವಾದ ಅರ್ಥ ನೂರು ವಿಮರ್ಶೆಗಳಲ್ಲಿ ತೊಂಬತ್ತು ಮೆಚ್ಚುಗೆಯ ಪರವಾಗಿವೆ ಎಂದಷ್ಟೇ, ಆ ಮೆಚ್ಚುಗೆ ತೀರಾ ಸಾಧಾರಣವಾಗಿದ್ದರೂ ಸರಿ. ನೀವು ನಕ್ಷತ್ರಗಳನ್ನು ಕೊಡುವುದಾದರೆ ಮೂರು ನಕ್ಷತ್ರಕ್ಕೆ ನಿಮ್ಮ ಲೆಕ್ಕದಲ್ಲಿ ಏನು ಅರ್ಥ ಎಂಬುದನ್ನು ಒಮ್ಮೆ ಬರೆದಿಟ್ಟು, ಮುಂದೆ ಅದಕ್ಕೆ ಬದ್ಧರಾಗಿರಿ.

ಎಲ್ಲ ಸೇರಿ ಐದಾರು ವಾಕ್ಯ ಸಾಕು. ಮಾದರಿಗೆ, ಕಲ್ಪಿತ ಸರಣಿಯೊಂದರ ಬಗ್ಗೆ ಹೀಗೆ ಬರೆಯಬಹುದು: "ಎಂಟು ಎಪಿಸೋಡ್‌ಗಳಲ್ಲಿ ಐದನ್ನು ನೋಡಿದ್ದೇನೆ, ಮೂಲ ಭಾಷೆಯಲ್ಲಿ, ದಿನಕ್ಕೊಂದರಂತೆ. ನಿವೃತ್ತ ನರ್ಸ್ ಒಬ್ಬರು ಹಳೆಯ ಸಾವೊಂದರ ನಿಜ ತಿಳಿಯಲು ಹೊರಡುವ ಕಥೆ. ಎರಡನೆಯ ಎಪಿಸೋಡ್‌ನಲ್ಲಿ ಅವರು ಹಳೆಯ ಸಹೋದ್ಯೋಗಿಯ ಮನೆಯಲ್ಲಿ ಮಾತಿಲ್ಲದೆ ಕುಳಿತಿರುವ ದೃಶ್ಯದಲ್ಲಿ ಉಸಿರು ಬಿಗಿಹಿಡಿದು ನೋಡಿದೆ. ಪೊಲೀಸ್ ಅಧಿಕಾರಿಯ ಸಂಸಾರದ ಉಪಕಥೆ ಬಂದಾಗಲೆಲ್ಲ ಮುಂದಕ್ಕೆ ಓಡಿಸಬೇಕೆನಿಸಿತು. ಕೊಲೆಗಾರ ಯಾರೆಂಬುದಕ್ಕಿಂತ ಮನುಷ್ಯರು ಏಕೆ ಸುಮ್ಮನಿದ್ದುಬಿಡುತ್ತಾರೆ ಎಂಬ ಕುತೂಹಲ ಇರುವವರಿಗೆ ಇದು ಹಿಡಿಸೀತು." ಇಲ್ಲಿ ತೀರ್ಪಿನ ಒಂದೇ ಒಂದು ವಿಶೇಷಣವೂ ಇಲ್ಲ, ಆದರೂ ಓದಿದವರು ತಮ್ಮ ನಿರ್ಧಾರವನ್ನು ತಾವೇ ಮಾಡಿಕೊಳ್ಳಬಲ್ಲರು.

ಉಳಿದ ಎಪಿಸೋಡ್‌ಗಳನ್ನು ನೋಡಿದ ಮೇಲೆ, ಅಥವಾ ವರ್ಷಗಳ ನಂತರ ಅದೇ ಸಿನಿಮಾವನ್ನು ಮತ್ತೆ ನೋಡಿದಾಗ, ಅನಿಸಿಕೆ ಬದಲಾದರೆ ಹಳೆಯದನ್ನು ಅಳಿಸಬೇಡಿ. ಅದರ ಕೆಳಗೆ ದಿನಾಂಕ ಹಾಕಿ ಹೊಸದನ್ನು ಬರೆಯಿರಿ, ಯಾವ ದೃಶ್ಯ ಈಗ ಬೇರೆಯಾಗಿ ಕಂಡಿತೆಂಬುದನ್ನು ಹೆಸರಿಸಿ.